ನಾಲ್ಕು ಥರದ ಬಾಟಲಿ, ಒಂದು ಒಳಲೆ: ಹದಿನಾರು ತಿಂಗಳ ಲೆಕ್ಕ

ಮಗಳಿಗೆ ಈಗ ಹದಿನಾರು ತಿಂಗಳು. ಹೋದ ವಾರ ಅಡುಗೆಮನೆಯ ಮೇಲಿನ ಅಟ್ಟ ಕ್ಲೀನ್ ಮಾಡುವಾಗ ಅವಳ ಹಾಲಿನ ಸಾಮಾನೆಲ್ಲ ಒಂದೇ ಬುಟ್ಟಿಯಲ್ಲಿ ಸಿಕ್ಕಿತು. ಎರಡು ಮಾಮೂಲಿ ಪ್ಲಾಸ್ಟಿಕ್ ಬಾಟಲಿ, ಹೊಟ್ಟೆಗೆ ಗಾಳಿ ಹೋಗುವುದಿಲ್ಲ ಎಂದು ಬರೆದುಕೊಂಡ ಇನ್ನೊಂದು ಬಾಟಲಿ, ಸ್ಟೀಲಿನದೊಂದು, ಬಾಟಲಿಯ ಕ್ರಿಮಿ ಸಾಯಿಸುವ ಕರೆಂಟಿನ ಸ್ಟೆರಿಲೈಸರ್, ಕೈಯಲ್ಲಿ ಒತ್ತುವ ಎದೆಹಾಲಿನ ಪಂಪ್. ಗಾಜಿನ ಬಾಟಲಿಯ ಮುಚ್ಚಳ ಮಾತ್ರ ಇತ್ತು. ಬಾಟಲಿ ಒಡೆದು ವರ್ಷದ ಮೇಲಾಯಿತು. ಕೂತು ಲೆಕ್ಕ ಹಾಕಿದೆ. ನಿಪ್ಪಲ್, ಬ್ರಷ್ ಎಲ್ಲ ಸೇರಿ 5,030 ರೂಪಾಯಿ. ನಿಜವಾಗಿ ಬೇಕಾಗಿದ್ದು 1,830. ಉಳಿದ 3,200 ರೂಪಾಯಿ ಎಲ್ಲಿ ಹೋಯಿತು ಎಂದು ಹೇಳುತ್ತೇನೆ, ಇನ್ನೊಬ್ಬರಿಗಾದರೂ ಉಳಿಯಲಿ.

ಕಂಪನಿ ಹೆಸರು ಬರೆಯುವುದಿಲ್ಲ. ಒಂದೇ ಥರದ ಬಾಟಲಿ ಹತ್ತು ಹೆಸರಲ್ಲಿ ಸಿಗುತ್ತದೆ. ಯಾವುದರಲ್ಲಿ ಮಾಡಿದ್ದು, ಎಷ್ಟು ಬಿಡಿಭಾಗ ಇದೆ ಅಂತ ನೋಡಿದರೆ ಸಾಕು.

ಹೆರಿಗೆ ಆಗಿದ್ದು ಜುಲೈನಲ್ಲಿ, ಸಿಸೇರಿಯನ್. ಹಾಲು ಸರಿಯಾಗಿ ಬಂದಿದ್ದು ನಾಲ್ಕನೇ ದಿನ. ಮೊದಲು ಬಂದ ಹಳದಿ ಬಣ್ಣದ ಗಿಣ್ಣುಹಾಲು ಎರಡು ಚಮಚ ಇದ್ದರೂ ಬಿಡಬೇಡಿ ಎಂದು ನರ್ಸ್ ಹಿಂಡಿ ಕುಡಿಸಿದರು. ಸಾಲದ್ದಕ್ಕೆ ಡಾಕ್ಟರ್ ಹೇಳಿದ ಮೇಲೆ ಪುಡಿ ಹಾಲು. ಅಲ್ಲಿಂದ ಒಂದೂವರೆ ತಿಂಗಳು ಎದೆಹಾಲಿನ ಜೊತೆ ದಿನಕ್ಕೆರಡು ಸಲ ಪುಡಿ ಹಾಲೂ ನಡೆಯಿತು. ಅದಕ್ಕೆ ನನಗೇನೂ ನಾಚಿಕೆ ಇಲ್ಲ. ಮಗು ಹಸಿದು ಅಳುವಾಗ ನೆಂಟರ ಭಾಷಣ ಕೇಳಿಕೊಂಡು ಕೂರುವುದಕ್ಕೆ ಆಗುತ್ತದಾ?

ಬಾಣಂತನಕ್ಕೆ ತೀರ್ಥಹಳ್ಳಿ ಹತ್ತಿರದ ತವರಿಗೆ ಹೋದಾಗ ಪುಷ್ಯ ಮಳೆ ಹಿಡಿದಿತ್ತು. ಹೋಗುವ ಮೊದಲೇ ನಮ್ಮನೆಯವರು ಆನ್‌ಲೈನ್‌ನಲ್ಲಿ ಗಾಳಿ ತಡೆಯುವ ಬಾಟಲಿ (520 ರೂಪಾಯಿ) ಮತ್ತು ಸ್ಟೆರಿಲೈಸರ್ (1,900) ತರಿಸಿದ್ದರು. ಅಮ್ಮ ಡಬ್ಬ ಬಿಚ್ಚುವಾಗಲೇ ಕೇಳಿದಳು, "ಎಂತಕ್ಕೆ ಮಾರಾಯ್ತಿ ಇಷ್ಟೆಲ್ಲ?"

ಸ್ಟೆರಿಲೈಸರ್ ಕೆಟ್ಟ ವಸ್ತು ಅಲ್ಲ. ನೀರು ಹಾಕಿ ಗುಂಡಿ ಒತ್ತಿದರೆ ಹಬೆಯಲ್ಲಿ ತಾನೇ ಕೆಲಸ ಮುಗಿಸುತ್ತದೆ. ಆದರೆ ಮಳೆಗಾಲದ ಮಲೆನಾಡಿನಲ್ಲಿ ಕರೆಂಟ್ ಎಲ್ಲಿ ಬರಬೇಕು? ಒಂದು ಮರ ಲೈನ್ ಮೇಲೆ ಬಿತ್ತು ಅಂದರೆ ಮೂರು ದಿನ ಕತ್ತಲೆ. ಎರಡನೇ ವಾರಕ್ಕೇ ಅದನ್ನು ಪಕ್ಕಕ್ಕಿಟ್ಟು ಅಮ್ಮನ ಸ್ಟೀಲ್ ಪಾತ್ರೆಗೆ ಬಂದೆವು. ಬಾಟಲಿ, ನಿಪ್ಪಲ್, ರಿಂಗ್ ಎಲ್ಲ ಬಿಡಿಸಿ ತೊಳೆದು, ನೀರಲ್ಲಿ ಪೂರ್ತಿ ಮುಳುಗಿಸಿ, ಕುದಿ ಬಂದ ಮೇಲೆ ಐದು ನಿಮಿಷ. ಅಷ್ಟೇ. ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೂ ಪಾತ್ರೆಯನ್ನೇ ಮುಂದುವರಿಸಿದೆ.

ಗಾಳಿ ತಡೆಯುವ ಬಾಟಲಿಯ ಕತೆ ಬೇರೆ. ಅದರೊಳಗೆ ಒಂದು ಕೊಳವೆ, ಒಂದು ರಬ್ಬರ್ ಬಿಲ್ಲೆ, ಕೆಳಗೊಂದು ತಳ. ಒಟ್ಟು ಆರು ತುಂಡು. ಹಾಲು ಕುಡಿದಾಗ ಗುಳ್ಳೆ ಕಡಿಮೆ ಬರುತ್ತಿದ್ದುದು ನಿಜ. ಮಗುವಿನ ಸಂಜೆ ಅಳು ಮಾತ್ರ ಇದರಲ್ಲಿ ಕುಡಿದರೂ ಅಷ್ಟೇ, ಬೇರೆಯದರಲ್ಲಿ ಕುಡಿದರೂ ಅಷ್ಟೇ. ಮೂರು ತಿಂಗಳು ತುಂಬಿದಾಗ ತಾನಾಗಿ ನಿಂತಿತು. ತೊಂದರೆ ಆಗಿದ್ದು ಒಣಗಿಸುವುದರಲ್ಲಿ. ಆ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಡ್ಡಿಯಷ್ಟು ಸಣ್ಣ ಕೊಳವೆ ಒಣಗುತ್ತದಾ? ಒಂದು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಕಪ್ಪು ಬೂಷ್ಟಿನ ಚುಕ್ಕೆ. ಎದೆ ಧಸಕ್ಕೆಂದಿತು. ಬ್ರಷ್‌ನ ಬುಡಕ್ಕೂ ಬೂಷ್ಟು ಹಿಡಿದಿತ್ತು, ಅದನ್ನೂ ಎಸೆದೆ. ಬಚ್ಚಲ ಒಲೆ ಹತ್ತಿರ ಒಣಗಿಸೋಣ ಎಂದು ಅಮ್ಮ ಬಟ್ಟೆಯ ಪಕ್ಕದಲ್ಲೇ ನಿಪ್ಪಲ್ ಇಟ್ಟಳು. ಸಿಲಿಕೋನ್ ಹೊಗೆ ವಾಸನೆ ಹೀರಿಕೊಂಡಿತು. ಮಗಳು ಬಾಯಿಗೆ ಇಟ್ಟವಳೇ ಮುಖ ತಿರುಗಿಸಿದಳು.

ತೊಟ್ಟಿಲು ಶಾಸ್ತ್ರಕ್ಕೆ ಯಾರೋ ಗಾಜಿನ ಬಾಟಲಿ ಉಡುಗೊರೆ ಕೊಟ್ಟಿದ್ದರು. ನಿಜ ಹೇಳಬೇಕೆಂದರೆ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ. ವಾಸನೆ ನಿಲ್ಲುವುದಿಲ್ಲ, ಜಿಡ್ಡು ಒಂದೇ ಸಲಕ್ಕೆ ಹೋಗುತ್ತದೆ, ಎಷ್ಟು ಕುದಿಸಿದರೂ ಮಂಕಾಗುವುದಿಲ್ಲ. ಮೂರನೇ ವಾರದಲ್ಲಿ ರಾತ್ರಿ ಎರಡು ಗಂಟೆಗೆ, ಟಾರ್ಚ್ ಬೆಳಕಿನಲ್ಲಿ, ತವರಿನ ರೆಡ್ ಆಕ್ಸೈಡ್ ನೆಲದ ಮೇಲೆ ಕೈಜಾರಿತು. ಮನೆ ಪೂರ್ತಿ ಗಾಜಿನ ಚೂರು ಹುಡುಕಿದ್ದೇ ಆಯಿತು.

ಅವತ್ತು ಬೆಳಿಗ್ಗೆ ಅಜ್ಜಿ ಕಬ್ಬಿಣದ ಪೆಟ್ಟಿಗೆಯಿಂದ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲು, ತೆಗೆದುಕೊಟ್ಟರು. ಬೆಳ್ಳಿಯದು, ಅಂಗೈಯಷ್ಟಿದೆ, ಮುಂದೆ ಕೊಕ್ಕಿನ ಹಾಗೆ ಚೂಪು. "ನಿನ್ನಮ್ಮಂಗೂ ಇದ್ರಲ್ಲೇ ಕುಡ್ಸಿದ್ದು" ಎಂದರು. ನನಗೆ ನಂಬಿಕೆ ಇರಲಿಲ್ಲ, ಹಳೇ ಕಾಲದ ಸಾಮಾನು ಅನ್ನಿಸಿತ್ತು. ಆದರೆ ಆಸ್ಪತ್ರೆಯಲ್ಲಿ ನರ್ಸ್ ಕುಡಿಸಿದ್ದೂ ಇಂಥದ್ದೇ ಸ್ಟೀಲಿನ ಒಳಲೆಯಲ್ಲಿ ಎಂದು ಆಮೇಲೆ ನೆನಪಾಯಿತು. ದಿನ ತುಂಬದೆ ಹುಟ್ಟಿದ ಮಕ್ಕಳಿಗೂ ಅದರಲ್ಲೇ ಕುಡಿಸುತ್ತಾರಂತೆ. ನಿಪ್ಪಲ್ ಇಲ್ಲ, ಕೊಳವೆ ಇಲ್ಲ, ಸಂದಿಗೊಂದಿ ಇಲ್ಲ. ತೊಳೆದು ಅದೇ ಐದು ನಿಮಿಷ ಕುದಿಸಿ ತೆಗೆದರೆ ಮುಗಿಯಿತು.

ಇನ್ನೂ ಒಂದು ಲಾಭ. ಬಾಟಲಿಯಲ್ಲಿ ಹಾಲು ಸುಲಭವಾಗಿ ಬರುತ್ತದೆ, ಹಾಗಾಗಿ ಮಗಳು ಎದೆ ಚೀಪುವುದಕ್ಕೆ ಸೋಮಾರಿತನ ಶುರು ಮಾಡಿದ್ದಳು. ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಇದನ್ನು ಗಮನಿಸಿ "ಬಾಟಲಿ ಸ್ವಲ್ಪ ದಿನ ಬಿಡಿ, ಒಳಲೆಯಲ್ಲಿ ಕೊಡಿ, ಮೊದಲು ಎದೆಗೆ ಹಾಕಿ" ಎಂದರು. ಹತ್ತು ದಿನ ಕಷ್ಟಪಟ್ಟೆವು. ಮಗುವನ್ನು ಕೂತ ಹಾಗೆ ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅದು ನುಂಗಿದ ಮೇಲೆ ಇನ್ನೊಂದು ಗುಟುಕು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ನಾಲ್ಕು ಹನಿ ಬಾಯಿಗೆ, ಎರಡು ಹನಿ ಕುತ್ತಿಗೆಗೆ. ಒಂದೂವರೆ ತಿಂಗಳಿಗೆ ಪುಡಿ ಹಾಲು ಪೂರ್ತಿ ನಿಂತಿತು.

ಅದು ನಿಂತಿದ್ದರಿಂದ ಉಳಿದ ದುಡ್ಡಿನ ಮುಂದೆ ಬಾಟಲಿ ಬೆಲೆ ಏನೂ ಅಲ್ಲ. ನಮಗೆ ಮೂರು ಡಬ್ಬಿ ಖರ್ಚಾಯಿತು, 400 ಗ್ರಾಂ ಡಬ್ಬಿಗೆ ನಾನೂರರ ಮೇಲೆ. ಐದು ತಿಂಗಳ ಮಗು ಬರೀ ಪುಡಿ ಹಾಲನ್ನೇ ದಿನಕ್ಕೆ 800 ಮಿಲಿಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ನೂರು ಗ್ರಾಂ ಪುಡಿ ಬೇಕು. ಡಬ್ಬಿ ನಾಲ್ಕೇ ದಿನ. ತಿಂಗಳಿಗೆ ಏಳೆಂಟು ಡಬ್ಬಿ, ಮೂರು ಸಾವಿರದ ಮೇಲೆ. ಇದು ಗೊತ್ತಾದಾಗಲೇ ಅಮ್ಮ "ಒಂದು ಚಮಚ ಕಡ್ಮೆ ಹಾಕು, ಜಾಸ್ತಿ ದಿನ ಬರತ್ತೆ" ಅಂದಿದ್ದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ತೂಕ ಏರುವುದಿಲ್ಲ. ಡಬ್ಬಿ ಮೇಲಿನ ಅಳತೆ ಎಂದರೆ ಅದೇ ಅಳತೆ. ಕೊಟ್ಟಿಗೆಯ ಗಿಡ್ಡ ದನದ ಹಾಲು ಕೊಡೋಣ ಎಂದು ಅಜ್ಜಿಯ ಸಲಹೆಯೂ ಬಂತು. ಮಲೆನಾಡು ಗಿಡ್ಡದ ಹಾಲು ಎಷ್ಟೇ ಒಳ್ಳೆಯದಿರಲಿ, ವರ್ಷ ತುಂಬುವವರೆಗೆ ಹಸುವಿನ ಹಾಲು ಕುಡಿಸಬೇಡಿ ಎಂದು ಮಕ್ಕಳ ಡಾಕ್ಟರ್ ಖಡಾಖಂಡಿತ ಹೇಳಿದರು. ಕಬ್ಬಿಣದ ಅಂಶ ಕಡಿಮೆ, ಎಳೆ ಮೂತ್ರಪಿಂಡಕ್ಕೆ ಭಾರ. ಬಜೆ ತೇಯ್ದು ತುಡುವೆ ಜೇನಲ್ಲಿ ನೆಕ್ಕಿಸುವುದೂ ಬೇಡ, ಜೇನು ವರ್ಷದ ಒಳಗೆ ಅಪಾಯ. ಅಜ್ಜಿಗೆ ಎರಡು ದಿನ ಬೇಸರವಿತ್ತು.

ಪುಡಿ ಹಾಲು ಬೇಕಾದವರಿಗೆ ಒಂದು ಮಾತು. ಪುಡಿಯಲ್ಲೂ ಕ್ರಿಮಿ ಇರಬಹುದು, ಅದಕ್ಕೆ ಕುದಿಸಿದ ನೀರು 70 ಡಿಗ್ರಿಗಿಂತ ತಣ್ಣಗಾಗುವ ಮೊದಲೇ ಬೆರೆಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಬಿಸಿ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ನೇರ ಸುರಿಯಬೇಡಿ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಗಳನ್ನು ಪರೀಕ್ಷೆ ಮಾಡಿದ್ದರು. ನೀರು ಬಿಸಿಯಾದಷ್ಟೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣ ಜಾಸ್ತಿ ಉದುರುತ್ತದೆ ಎಂದು ತಿಳಿಯಿತು. ನಾನು ಕುದಿಸಿ ತೆಗೆದ ಸ್ಟೀಲ್ ಲೋಟದಲ್ಲಿ ಬೆರೆಸಿ, ಉಗುರು ಬೆಚ್ಚಗಾದ ಮೇಲೆ ಬಾಟಲಿಗೆ ಹಾಕುತ್ತಿದ್ದೆ. ಲೋಟ ಮನೆಯಲ್ಲೇ ಇರುತ್ತದೆ, ಖರ್ಚಿಲ್ಲ. ಕುಡಿದು ಮಿಕ್ಕಿದ್ದನ್ನು ಇಟ್ಟುಕೊಳ್ಳಲಿಲ್ಲ, ಎಷ್ಟು ಹೊಟ್ಟೆ ಉರಿದರೂ ಚೆಲ್ಲಿದೆ.

ನವೆಂಬರ್‌ನಲ್ಲಿ ಶಿವಮೊಗ್ಗ ವಿನೋಬನಗರದ ಮನೆಗೆ ಬಂದೆ, ಡಿಸೆಂಬರ್‌ನಲ್ಲಿ ಕೆಲಸಕ್ಕೆ. 26 ವಾರ ಸಂಬಳದ ರಜೆ ಸಿಗುವುದು ಹತ್ತು ಜನವಾದರೂ ಇರುವ ಕಡೆ. ದುರ್ಗಿಗುಡಿಯ ನಮ್ಮ ಲೆಕ್ಕಪತ್ರದ ಆಫೀಸಿನಲ್ಲಿ ನಾವು ಆರೇ ಜನ. ಆಗ ಗಾಂಧಿ ಬಜಾರಿನಲ್ಲಿ ಎರಡು ಮಾಮೂಲಿ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡೆ, ಒಂದಕ್ಕೆ 160. ಅಂಗಡಿಯವರು ಪಕ್ಕದಲ್ಲಿದ್ದ 450 ರೂಪಾಯಿಯದನ್ನು ತೋರಿಸಿ "ಇದು ಬಿಪಿಎ ಇಲ್ಲದ್ದು ಮೇಡಂ" ಎಂದರು. ತಳ ತಿರುಗಿಸಿ ನೋಡಿದೆ. ಎರಡೂ 5 ನಂಬರಿನ ಪಾಲಿಪ್ರೊಪಿಲೀನ್, ಎರಡಕ್ಕೂ ಐಎಸ್‌ಐ ಗುರುತು, ಪ್ಲಾಸ್ಟಿಕ್ ಹಾಲಿನ ಬಾಟಲಿಗೆಂದೇ ಇರುವ ಮಾನದಂಡ ಐಎಸ್ 14625. ಬಿಪಿಎ ಎಂಬ ಹಾನಿಕಾರಕ ರಾಸಾಯನಿಕ ಇರುತ್ತಿದ್ದುದು ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್‌ನಲ್ಲಿ, ಅದನ್ನು 2015ರಲ್ಲೇ ಈ ಮಾನದಂಡದಿಂದ ಹೊರಗಿಟ್ಟಿದ್ದಾರೆ. ಗುರುತು ಇಲ್ಲದ ಬಾಟಲಿ ಮಾರುವುದೇ ತಪ್ಪು. ಅಂದಮೇಲೆ ಆ ಸ್ಟಿಕ್ಕರ್‌ಗೆ ಯಾಕೆ 290 ರೂಪಾಯಿ ಜಾಸ್ತಿ ಕೊಡಬೇಕು?

ಹನ್ನೊಂದು ತಿಂಗಳು ಬಳಸಿದ ಮೇಲೆ ಹೇಳುತ್ತೇನೆ, ಈ 160 ರೂಪಾಯಿಯ ಬಾಟಲಿಯೇ ಸಾಕು. ಮೂರೇ ತುಂಡು. ಬಾಯಿ ಕಿರಿದು, ಬ್ರಷ್ ಇಲ್ಲದೆ ಆಗುವುದಿಲ್ಲ. ಎಂಟನೇ ತಿಂಗಳಿಗೆ ಅಳತೆ ಗೆರೆ ಅಳಿಸಿಹೋಯಿತು. ಪ್ಲಾಸ್ಟಿಕ್ ಮಂಕಾಗಿ ಒಳಗೆ ಗೀರು ಬಿದ್ದಾಗ ಒಂದನ್ನು ಪಕ್ಕಕ್ಕಿಟ್ಟೆ. ದುಡ್ಡು ತಿನ್ನುವುದು ನಿಪ್ಪಲ್. ಎರಡು ಮೂರು ತಿಂಗಳಿಗೊಮ್ಮೆ ಅಂಟಂಟಾಗುತ್ತದೆ, ತೂತು ದೊಡ್ಡದಾಗುತ್ತದೆ, ಜೋಡಿಗೆ 120. ಮಾಮೂಲಿ ಕಿರಿದು ಬಾಯಿಯ ಬಾಟಲಿಯಾದರೆ ಯಾವ ಮೆಡಿಕಲ್ ಸ್ಟೋರಿನಲ್ಲೂ ಹೊಂದುವ ನಿಪ್ಪಲ್ ಸಿಗುತ್ತದೆ. ಗಾಳಿ ತಡೆಯುವ ಬಾಟಲಿಗೆ ಊರೆಲ್ಲ ಸುತ್ತಿದರೂ ಸಿಗಲಿಲ್ಲ.

ಎಲ್ಲಕ್ಕಿಂತ ಸಾರ್ಥಕವಾದ ಖರ್ಚು 850 ರೂಪಾಯಿಯ ಕೈ ಪಂಪ್. ಹಳೇ ಫೈಲುಗಳ ಕೋಣೆಯಲ್ಲಿ ಚಿಲಕ ಹಾಕಿಕೊಂಡು, 2009ರ ಲೆಡ್ಜರ್ ನೋಡುತ್ತಾ ದಿನಕ್ಕೆರಡು ಸಲ. ಕೈ ನೋಯುತ್ತದೆ, ಸದ್ದು ಕಡಿಮೆ. ಹಿಂಡಿದ ಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ ಇರುತ್ತದೆ. ಡಿಸೆಂಬರ್‌ನಲ್ಲಿ ಚಿಂತೆ ಇರಲಿಲ್ಲ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲು ಗೊತ್ತಲ್ವಾ? ಐಸ್ ಪ್ಯಾಕ್ ಇಟ್ಟ ಊಟದ ಚೀಲದಲ್ಲಿ ಮನೆಗೆ ತಂದು ಫ್ರಿಜ್‌ನ ಹಿಂಭಾಗದಲ್ಲಿ ಇಡುತ್ತಿದ್ದೆ. ಬಾಗಿಲಲ್ಲಿ ಇಟ್ಟರೆ ಪ್ರತಿ ಸಲ ಫ್ರಿಜ್ ತೆಗೆದು ಮುಚ್ಚುವಾಗ ಬಿಸಿಯಾಗುತ್ತದೆ. ಮಾರನೇ ದಿನ ಅತ್ತೆ ಬಿಸಿನೀರಿನ ಬಟ್ಟಲಲ್ಲಿ ಬೆಚ್ಚಗೆ ಮಾಡಿ ಕುಡಿಸುತ್ತಿದ್ದರು. ಆರು ತಿಂಗಳಿಗೆ ರಾಗಿ ಸರಿ ಶುರುವಾದ ಮೇಲೆ ಬಾಟಲಿ ಕೆಲಸ ಅರ್ಧ ಇಳಿಯಿತು.

ಸ್ಟೀಲ್ ಬಾಟಲಿ (780) ತೀರ್ಥಹಳ್ಳಿ ಬಸ್ಸಿಗೆಂದೇ ತಂದಿದ್ದು. ಬಿದ್ದರೆ ಸೊಟ್ಟಗಾಗುತ್ತದೆ, ಒಡೆಯುವುದಿಲ್ಲ. ಆದರೆ ಒಳಗೆ ಎಷ್ಟು ಹಾಲಿದೆ ಎಂದು ಕಾಣುವುದಿಲ್ಲ. ಮಗಳು ಎಷ್ಟು ಕುಡಿದಳು ಎಂದು ಅತ್ತೆ ಪ್ರತಿ ಸಲ ಅಲ್ಲಾಡಿಸಿ ನೋಡುತ್ತಿದ್ದರು. ನಾಲ್ಕು ಸಲ ಬಳಸಿದ್ದೇವೆ. ಈಗ ಅದರಲ್ಲಿ ನಮ್ಮನೆಯವರು ಆಫೀಸಿಗೆ ಕಷಾಯ ಒಯ್ಯುತ್ತಾರೆ, ನಿಪ್ಪಲ್ ಬದಲು ಮುಚ್ಚಳ ಹಾಕಿಕೊಂಡು.

ವರ್ಷ ತುಂಬಿದ ಮೇಲೆ ಒಂದೊಂದೇ ಹೊತ್ತಿನ ಬಾಟಲಿ ತಪ್ಪಿಸುತ್ತಾ ಬಂದೆವು. ರಾತ್ರಿಯದು ಬಿಡಿಸಲು ಹದಿನೈದು ದಿನ ಹಿಡಿಯಿತು. ಈಗ ಪುಟ್ಟ ಸ್ಟೀಲ್ ಲೋಟದಲ್ಲಿ ಕುಡಿಯುತ್ತಾಳೆ, ಅರ್ಧ ಅಂಗಿಗೆ.

ಕೊಪ್ಪದಲ್ಲಿರುವ ಚಿಕ್ಕಮ್ಮನ ಮಗಳಿಗೆ ಮಾಘದಲ್ಲಿ ದಿನ. ಬುಟ್ಟಿಯ ಫೋಟೋ ಕಳಿಸಿ ಏನು ಬೇಕು ಎಂದು ಕೇಳಿದೆ. ಸ್ಟೆರಿಲೈಸರ್ ಬೇಕಂತೆ. ಕರೆಂಟಿನ ವಿಷಯ ಹೇಳಿದೆ, "ಇರ್ಲಿ ಅಕ್ಕ, ಕೊಡು" ಅಂದಳು. ಅದನ್ನು ಒರೆಸಿ ಡಬ್ಬಕ್ಕೆ ಹಾಕಿ, ಖಾಲಿ ಜಾಗದಲ್ಲಿ ಒಳಲೆಯನ್ನು ಬಟ್ಟೆ ಸುತ್ತಿ ಇಟ್ಟಿದ್ದೇನೆ.