ಹೈಬ್ರಿಡ್ ಓಡಿಸಿದ ಮೇಲೆ ಹೇಳುತ್ತಿದ್ದೇನೆ: ಮುಂದಿನ ಕಾರಿಗೆ ಎಂಜಿನ್ ಬೇಡ

ನಾನು ಓಡಿಸುವುದು ಪ್ಲಗ್ ಇಲ್ಲದ ಪೆಟ್ರೋಲ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರೂ, ಪುಟ್ಟ ಬ್ಯಾಟರಿಯೂ ಇರುವ ಕಾರು. ಸ್ಟ್ರಾಂಗ್ ಹೈಬ್ರಿಡ್ ಅಂತಾರಲ್ಲ, ಅದು. ಕೆಲವು ವರ್ಷಗಳಿಂದ ಇದೇ ನನ್ನ ದಿನದ ಗಾಡಿ. ಕಾರು ಚೆನ್ನಾಗಿದೆ, ಮೊದಲೇ ಹೇಳಿಬಿಡುತ್ತೇನೆ. ಆದರೂ ಮುಂದಿನ ಸಲ ಪೂರ್ತಿ ಎಲೆಕ್ಟ್ರಿಕ್ ಕಾರನ್ನೇ ತಗೊಳ್ಳುತ್ತೇನೆ. ಆ ತೀರ್ಮಾನಕ್ಕೆ ನನ್ನನ್ನು ತಂದಿದ್ದು ಈ ಹೈಬ್ರಿಡ್ಡೇ.

ಟ್ರಾಫಿಕ್‌ನಲ್ಲಿ ಇದರ ಮುಂದೆ ಬರೀ ಪೆಟ್ರೋಲ್ ಕಾರು ನಿಲ್ಲುವುದಿಲ್ಲ. ಸಿಗ್ನಲ್‌ನಲ್ಲಿ ಎಂಜಿನ್ ಆಫ್. ಹಸಿರು ಬಿದ್ದ ಕೂಡಲೇ ಮೋಟಾರ್ ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ವೇಗ ಬಂದ ಮೇಲೆ ಎಂಜಿನ್ ಸೇರಿಕೊಳ್ಳುತ್ತದೆ, ಕಿವಿಗೊಟ್ಟು ಕೇಳಿದರಷ್ಟೇ ಗೊತ್ತಾಗುತ್ತದೆ. ಬ್ರೇಕ್ ಮೇಲೆ ಮೆತ್ತಗೆ ಕಾಲಿಟ್ಟರೆ ಮೋಟಾರೇ ಜನರೇಟರ್ ಆಗಿ ಕಾರನ್ನು ತಡೆಯುತ್ತದೆ, ಕರೆಂಟ್ ಬ್ಯಾಟರಿಗೆ ಹೋಗುತ್ತದೆ. ಬ್ರೇಕ್ ಪ್ಯಾಡ್ ಸವೆಯುವುದೂ ಕಡಿಮೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಉಳಿತಾಯ ಅಷ್ಟಕ್ಕಷ್ಟೇ. ಅಲ್ಲಿ ಬ್ರೇಕೇ ಹಾಕುವುದಿಲ್ಲ ಅಲ್ವಾ, ವಾಪಸ್ ಬರೋದೇನು?

1997ರ ಡಿಸೆಂಬರ್‌ನಲ್ಲಿ ಜಪಾನ್‌ನಲ್ಲಿ ಟೊಯೋಟಾ ಪ್ರಿಯಸ್ ಅನ್ನುವ ಹೈಬ್ರಿಡ್ ಕಾರು ಮಾರಾಟಕ್ಕೆ ಬಂತು. ಆಗಿನ ಮೂಲ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ಫೋರ್ಡ್ ಕೂಡ ಇದೇ ಬಗೆಯ ಹೈಬ್ರಿಡ್ ಮಾಡಿದೆ. ಎರಡು ಮೋಟಾರ್, ಒಂದು ಪೆಟ್ರೋಲ್ ಎಂಜಿನ್, ಇವು ಮೂರನ್ನೂ ಜೋಡಿಸುವ ಒಂದು ಪ್ಲಾನೆಟರಿ ಗೇರ್ (ನಡುವಿನ ಚಕ್ರದ ಸುತ್ತ ಪುಟ್ಟ ಚಕ್ರಗಳು ತಿರುಗುವ ಹಲ್ಲುಚಕ್ರಗಳ ಜೋಡಣೆ). ಕ್ಲಚ್ ಪೆಡಲ್ ಇಲ್ಲ, ಬೇರೆ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. "ಎರಡೆರಡು ಯಂತ್ರ, ಎರಡು ಪಟ್ಟು ರಿಪೇರಿ" ಅಂತ ಹೆದರಿಸುವವರಿಗೆ ಇದನ್ನು ಹೇಳಬೇಕು. ಎಂಜಿನ್ ಅಟ್ಕಿನ್ಸನ್ ಸೈಕಲ್‌ನದು. ಗಾಳಿ ಒಳಗೆ ಬಿಡುವ ವಾಲ್ವ್ ತಡವಾಗಿ ಮುಚ್ಚುತ್ತದೆ. ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಪೆಟ್ರೋಲ್‌ನಿಂದ ದಕ್ಕುವ ಶಕ್ತಿ ಜಾಸ್ತಿಯಾಗುತ್ತದೆ. ಕಡಿಮೆಯಾದ ಎಳೆತವನ್ನು ಮೋಟಾರ್ ತುಂಬಿಕೊಡುತ್ತದೆ. ನಾಲ್ಕನೇ ತಲೆಮಾರಿನ ಪ್ರಿಯಸ್‌ನ ಎಂಜಿನ್ ಹೀಗೆ 40% ದಕ್ಷತೆ ಮುಟ್ಟಿತು. ಪೆಟ್ರೋಲ್ ಎಂಜಿನ್‌ಗೆ ಅದು ನಿಜಕ್ಕೂ ದೊಡ್ಡ ಸಾಧನೆ. ಅಷ್ಟು ಮಾಡಿದರೂ ಉಳಿದ 60% ಸುಮ್ನೆ ಬಿಸಿಯಾಗಿ ಹೋಗುತ್ತದೆ.

ನನ್ನ ಮನಸ್ಸು ತಿರುಗಿದ್ದು ಗುಡ್ಡದ ರಸ್ತೆಯಲ್ಲಿ. ಇಳಿಯುವಾಗ ಪರದೆ ಮೇಲೆ ಬ್ಯಾಟರಿಯ ಪಟ್ಟಿಗಳು ಒಂದೊಂದಾಗಿ ತುಂಬುತ್ತಾ ಬರುತ್ತವೆ. ನೋಡೋಕೆ ಖುಷಿ. ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಎಲ್ಲ ಪಟ್ಟಿಗಳೂ ತುಂಬಿಬಿಡುತ್ತವೆ. ಆಮೇಲೆ ಬರುವ ಶಕ್ತಿಯನ್ನು ಇಡೋಕೆ ಜಾಗ ಇಲ್ಲ. ಕಾರು ಪೆಟ್ರೋಲ್ ಹಾಕದೆ ಎಂಜಿನ್ನನ್ನು ಗರಗರ ತಿರುಗಿಸಿ ಆ ಶಕ್ತಿಯನ್ನು ಕಳೆಯುತ್ತದೆ. ಗುಂಯ್ ಅಂತ ಸದ್ದು ಏರುತ್ತದೆ. ಪಕ್ಕದಲ್ಲಿ ಕೂತವರು "ಯಾಕೆ, ಇಳಿಜಾರಲ್ಲಿ ಆಕ್ಸಿಲರೇಟರ್ ಒತ್ತುತ್ತಿದ್ದೀಯಾ?" ಅಂತ ಕೇಳುತ್ತಾರೆ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 1,500 ಕಿಲೋ ತೂಕದ ಕಾರು 300 ಮೀಟರ್ ಎತ್ತರ ಇಳಿದರೆ ಹತ್ತಿರ ಹತ್ತಿರ 1.2 ಯೂನಿಟ್ ಶಕ್ತಿ ಸಿಗುತ್ತದೆ. ಗಾಳಿಗೆ, ಟೈರಿಗೆ ಒಂದಷ್ಟು ಹೋದರೂ ಉಳಿಯುವುದು ಕಡಿಮೆಯೇನಲ್ಲ. ಇಂಥ ಹೈಬ್ರಿಡ್‌ನ ಬ್ಯಾಟರಿ ಇಡಿಯಾಗಿ 1ರಿಂದ 1.5 ಯೂನಿಟ್‌ನಷ್ಟೇ ಇರುತ್ತದೆ. ಬಾಳಿಕೆ ಬರಲಿ ಅಂತ ಕಂಪ್ಯೂಟರ್ ಅದನ್ನೂ ಪೂರ್ತಿ ತುಂಬಲು, ಪೂರ್ತಿ ಖಾಲಿ ಮಾಡಲು ಬಿಡುವುದಿಲ್ಲ. ಮಳೆ ನೀರು ಹಿಡಿಯೋಕೆ ಚೊಂಬು ಇಟ್ಟ ಹಾಗೆ. 60 ಯೂನಿಟ್ ಬ್ಯಾಟರಿ ಇರುವ ಎಲೆಕ್ಟ್ರಿಕ್ ಕಾರಿಗೆ ಈ ಗುಡ್ಡ ಲೆಕ್ಕಕ್ಕೇ ಇಲ್ಲ. ಗುಡ್ಡದ ಮೇಲೆಯೇ 100% ಚಾರ್ಜ್ ಮಾಡಿಕೊಂಡು ಹೊರಟಿದ್ದರೆ ಮಾತ್ರ ಅದಕ್ಕೂ ಇದೇ ಕಥೆ.

ಈ ಕಾರಿನಲ್ಲಿ ನನಗೆ ಇಷ್ಟವಾದದ್ದೆಲ್ಲ ಮೋಟಾರ್ ಮಾಡುವ ಕೆಲಸ. ಬೇಸರ ತಂದದ್ದೆಲ್ಲ ಎಂಜಿನ್‌ನದು, ಇಲ್ಲವೇ ಬ್ಯಾಟರಿ ಪುಟ್ಟದಾಗಿರುವುದರಿಂದ ಆದದ್ದು. ಅದು ಹೊಳೆದ ಮೇಲೆ ಎಂಜಿನ್ ಯಾಕೆ ಹೊತ್ತು ತಿರುಗಬೇಕು ಅನ್ನಿಸಿತು.

ಎಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ದೊಡ್ಡ ಬ್ಯಾಟರಿ ಇರುವ ಪ್ಲಗ್ ಇನ್ ಹೈಬ್ರಿಡ್ ನನಗೆ ಹಿಡಿಸಲಿಲ್ಲ. ದಿನಾ ಪ್ಲಗ್ ಹಾಕುವವರಿಗೆ ಅದು ಒಳ್ಳೆಯದೇ. ಆದರೆ ಬಹಳ ಜನ ಹಾಕುವುದಿಲ್ಲ. 2024ರಲ್ಲಿ ಯುರೋಪಿಯನ್ ಕಮಿಷನ್ ರಸ್ತೆಯಲ್ಲಿ ಓಡುವ ಕಾರುಗಳದ್ದೇ ಲೆಕ್ಕ ತೆಗೆದು ನೋಡಿತು. ಪ್ಲಗ್ ಇನ್ ಹೈಬ್ರಿಡ್‌ಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಲ್ಯಾಬ್ ಲೆಕ್ಕಕ್ಕಿಂತ ಸುಮಾರು 3.5 ಪಟ್ಟು ಇತ್ತು.

ಹೈಡ್ರೋಜನ್ ಕಾರಿನ ಬಗ್ಗೆ ನನಗೆ ತುಂಬಾ ಆಸೆ ಇತ್ತು. ಅದರಲ್ಲಿರುವ ಫ್ಯುಯೆಲ್ ಸೆಲ್ ಹೈಡ್ರೋಜನ್‌ನಿಂದ ಕರೆಂಟ್ ಮಾಡಿ ಮೋಟಾರ್ ಓಡಿಸುತ್ತದೆ. ಐದು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ, ಹೊಗೆಕೊಳವೆಯಿಂದ ಬರುವುದು ಬರೀ ನೀರು. ಈಗಿನ ಟೊಯೋಟಾ ಮಿರಾಯ್ 700 ಬಾರ್ ಒತ್ತಡದಲ್ಲಿ 5.6 ಕಿಲೋ ಹೈಡ್ರೋಜನ್ ಹಿಡಿಯುತ್ತದೆ, 650 ಕಿಲೋಮೀಟರ್ ಆಸುಪಾಸು ಓಡುತ್ತದೆ. ಅದರಲ್ಲೂ ಬ್ರೇಕ್ ಶಕ್ತಿ ಹಿಡಿಯೋಕೆ ನನ್ನ ಕಾರಿನಷ್ಟೇ ಪುಟ್ಟ ಬ್ಯಾಟರಿ ಇದೆ, ಅಂದರೆ ಅದೂ ಒಂದು ಬಗೆಯ ಹೈಬ್ರಿಡ್ಡೇ! ಸಮಸ್ಯೆ ಇರುವುದು ಟ್ಯಾಂಕಿಗೆ ಬರುವ ಮುಂಚೆ. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡೋಕೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಒಂದು ಟ್ಯಾಂಕಿಗೆ 280 ಯೂನಿಟ್ ಆಯಿತು. ಒತ್ತಡ ಹಾಕಿ ತುಂಬುವ ಖರ್ಚು ಬೇರೆ. ಎಲೆಕ್ಟ್ರಿಕ್ ಕಾರು 100 ಕಿಲೋಮೀಟರಿಗೆ 20 ಯೂನಿಟ್ ತಿಂದರೂ ಅದೇ ಕರೆಂಟ್‌ನಲ್ಲಿ 1,400 ಕಿಲೋಮೀಟರ್ ಹೋಗುತ್ತದೆ. ಸಾಲದ್ದಕ್ಕೆ ಇವತ್ತು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್‌ನಲ್ಲಿ ಹೆಚ್ಚಿನ ಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ ಬರುತ್ತಿದೆ. ಹೋಂಡಾ 2021ರಲ್ಲಿ ಕ್ಲಾರಿಟಿ ಫ್ಯುಯೆಲ್ ಸೆಲ್ ಕಾರನ್ನು ನಿಲ್ಲಿಸಿತು. 2024ರಲ್ಲಿ ಶೆಲ್ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳ ಹೈಡ್ರೋಜನ್ ಪಂಪ್‌ಗಳನ್ನು ಮುಚ್ಚಿತು. ಉಕ್ಕು, ಗೊಬ್ಬರದ ಕಾರ್ಖಾನೆಗಳಿಗೆ ಅನಿಲ, ಕಲ್ಲಿದ್ದಲು ಬಳಸದೆ ಮಾಡಿದ ಹೈಡ್ರೋಜನ್ ಸಿಗಲಿ, ಅಲ್ಲಿ ಅದು ಬೇಕೇ ಬೇಕು. ಕಾರಿಗೆ ಇದು ಆಗಿಬರುವುದಿಲ್ಲ.

ಎಲೆಕ್ಟ್ರಿಕ್‌ಗೂ ಷರತ್ತುಗಳಿವೆ. ಚಳಿಯಲ್ಲಿ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಇಳಿಯುತ್ತದೆ. ಫಾಸ್ಟ್ ಚಾರ್ಜರ್ 80% ದಾಟಿದ ಮೇಲೆ ನಿಧಾನವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ಪ್ಲಗ್ ಇರಬೇಕು. ನನಗೆ ಈಗ ಅದು ಸಿಕ್ಕಿದೆ. ರಸ್ತೆ ಬದಿಯಲ್ಲಿ ನಿಲ್ಲಿಸುವವರಿಗೆ ಇನ್ನೂ ಕೆಲವು ವರ್ಷ ಹೈಬ್ರಿಡ್ಡೇ ಸರಿ, ಧೈರ್ಯವಾಗಿ ತಗೊಳ್ಳಿ.

ಹಳೆಯ ಹೈಬ್ರಿಡ್ ಕೊಳ್ಳುವವರು ಹಿಂದಿನ ಸೀಟಿನ ಪಕ್ಕ ಬಗ್ಗಿ ನೋಡಿ. ಹಲವು ಮಾಡೆಲ್‌ಗಳಲ್ಲಿ ಬ್ಯಾಟರಿಗೆ ತಂಪು ಗಾಳಿ ಎಳೆಯುವ ಜಾಲರಿ ಅಲ್ಲಿರುತ್ತದೆ. ಧೂಳು, ಕೂದಲು ಕಟ್ಟಿಕೊಂಡಿದ್ದರೆ ಬ್ಯಾಟರಿ ಬಿಸಿಯಾಗಿ ಬೇಗ ಸೊರಗುತ್ತದೆ. ಬ್ಯಾಟರಿ ಪರೀಕ್ಷೆಯ ರಿಪೋರ್ಟ್ ಕೇಳಿ. ಕೊಡಲ್ಲ ಅಂದರೆ ಆ ಕಾರು ಬಿಡಿ.