ಸರ್ವರ್‌ನಿಂದಲೇ ಎಲ್ಲಾ ಪಿಸಿಗಳ ಫೈರ್‌ವಾಲ್: ಕರೆಂಟ್ ಹೋದ ಮರುದಿನ ಮಾತ್ರ ಕಷ್ಟ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಒಂದು ಆಡಿಟರ್ ಆಫೀಸಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ವಿಂಡೋಸ್‌ನ ಜೊತೆಗೇ ಬರುವ ಫೈರ್‌ವಾಲನ್ನು (ನೆಟ್‌ವರ್ಕ್‌ನಿಂದ ಬರುವ ಸಂಪರ್ಕಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲುಗಾರ) ಒಂದೊಂದು ಪಿಸಿ ಮುಂದೆ ಕೂತು ಸೆಟ್ ಮಾಡುತ್ತಿದ್ದೆವು. ಈಗ ಸರ್ವರ್‌ನ ಗ್ರೂಪ್ ಪಾಲಿಸಿಯಲ್ಲಿ ಒಮ್ಮೆ ಬರೆದರೆ ಆಯಿತು, ಎಲ್ಲಾ ಪಿಸಿಗೂ ಹೋಗುತ್ತದೆ. ಈ ಪದ್ಧತಿಗೆ ಬಂದ ಮೇಲೆ ಕೆಲವು ಮಳೆಗಾಲ ಕಳೆದಿವೆ. ಇದು ಎಷ್ಟು ಒಳ್ಳೆಯದು ಎಂದು ಹೇಳುವವರು ಬೇಕಷ್ಟು ಜನ ಇದ್ದಾರೆ. ಮಳೆಗಾಲದಲ್ಲಿ ಏನಾಗುತ್ತದೆ ಎಂದು ಯಾರೂ ಬರೆದದ್ದು ನನಗೆ ಸಿಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಇಂಟರ್ನೆಟ್ ಮೂಲಕ ಎಲ್ಲಾ ಪಿಸಿಗಳನ್ನು ನೋಡಿಕೊಳ್ಳುವ ಕನ್ಸೋಲ್‌ಗಳು ಬೇಕಾದಷ್ಟಿವೆ. ಎಲ್ಲದಕ್ಕೂ ಒಂದೊಂದು ಪಿಸಿಗೆ ವರ್ಷಕ್ಕಿಷ್ಟು ಅಂತ ಕೊಡಬೇಕು. ನಮ್ಮಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ಗೋಸ್ಕರ ವಿಂಡೋಸ್ ಸರ್ವರ್ 2019 ಹಾಕಿದ ಸರ್ವರ್ ಮೊದಲೇ ಇತ್ತು, ಎಲ್ಲಾ ಪಿಸಿಗಳನ್ನು ಆ ಸರ್ವರ್‌ನ ಕೈಕೆಳಗೆ ತರುವ ಡೊಮೈನ್ ಇತ್ತು, ಅದರ ಕ್ಲೈಂಟ್ ಲೈಸೆನ್ಸ್‌ಗಳೂ ಇದ್ದವು. ಗ್ರೂಪ್ ಪಾಲಿಸಿಗೆ ಬೇರೆ ದುಡ್ಡಿಲ್ಲ. ಖರ್ಚು ಬಂದದ್ದು ಒಂದೇ ಕಡೆ. ಅಂಗಡಿಯಿಂದ ತಂದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹೋಮ್ ಇತ್ತು. ಹೋಮ್ ಆವೃತ್ತಿ ಡೊಮೈನ್‌ಗೆ ಸೇರುವುದೇ ಇಲ್ಲ. ಅವನ್ನೆಲ್ಲ ಪ್ರೊ ಮಾಡಿಸಬೇಕಾಯಿತು. ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳುವಾಗಲೇ ಇದನ್ನು ಕೇಳಿಕೊಳ್ಳಿ. ಆಮೇಲೆ ಬದಲಿಸುವುದು ಸುಮ್ನೆ ಎರಡು ಖರ್ಚು.

ಮೊದಲಿನ ಪರಿಸ್ಥಿತಿ ಹೇಗಿತ್ತು ಎಂದರೆ, ಆರ್ಟಿಕಲ್‌ಶಿಪ್‌ಗೆ (ಸಿಎ ತರಬೇತಿಗೆ) ಬಂದ ಹುಡುಗ ಹುಡುಗಿಯರ ಪಿಸಿಯಲ್ಲಿ ದಿನಾ ಒಂದು ಹೊಸ ಕಿಟಕಿ ಬರುತ್ತಿತ್ತು. ‘ಈ ಪ್ರೋಗ್ರಾಮಿಗೆ ಅನುಮತಿ ಕೊಡಬೇಕೇ?’ ಎಂಬ ಪ್ರಶ್ನೆ. ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದವರು ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ಗೊತ್ತಿಲ್ಲದವರ ಪಿಸಿಯಲ್ಲಿ ಇನ್ನೊಂದು ತೊಂದರೆ. ಅಡ್ಮಿನ್ ಅಲ್ಲದ ಬಳಕೆದಾರ ಹೊಸ ಪ್ರೋಗ್ರಾಂ ತೆರೆದರೆ, ಹೆಚ್ಚಾಗಿ ವಿಂಡೋಸ್ ಸದ್ದಿಲ್ಲದೆ ಆ ಪ್ರೋಗ್ರಾಂ ಮೇಲೆ ತಡೆ ನಿಯಮ ಬರೆದುಬಿಡುತ್ತದೆ. ಈ ಫೈರ್‌ವಾಲ್‌ನಲ್ಲಿ ತಡೆಗೂ ಅನುಮತಿಗೂ ಜಗಳ ಬಂದರೆ ಗೆಲ್ಲುವುದು ತಡೆ. ನೀವು ಸರ್ವರ್‌ನಿಂದ ಎಷ್ಟೇ ಚೆಂದದ ಅನುಮತಿ ಕಳಿಸಿ, ಆ ಪಿಸಿಯಲ್ಲಿ ಮೂಲೆಯಲ್ಲಿ ಕೂತ ಒಂದು ಹಳೇ ತಡೆ ನಿಯಮ ಸಾಕು, ಕೆಲಸ ನಡೆಯುವುದಿಲ್ಲ.

ಇದಕ್ಕೆ ಮದ್ದು ಗ್ರೂಪ್ ಪಾಲಿಸಿಯಲ್ಲೇ ಇದೆ. ಲೋಕಲ್ ನಿಯಮಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಹೇಳುವ ಒಂದು ಆಯ್ಕೆ. ಅದನ್ನು ಹಾಕಿದ ಮೇಲೆ ಪಿಸಿಯಲ್ಲಿ ಯಾರು ಏನು ಒತ್ತಿದರೂ ನಡೆಯುವುದು ಸರ್ವರ್ ಹೇಳಿದ್ದೇ. ಎರಡು ಮಾತು ಮಾತ್ರ ನೆನಪಿರಲಿ. ಕೋರ್ ನೆಟ್‌ವರ್ಕಿಂಗ್ ಎಂದು ಸಿದ್ಧವಾಗಿ ಸಿಗುವ ನಿಯಮಗಳ ಗುಂಪನ್ನು ನಿಮ್ಮ ಪಾಲಿಸಿಗೆ ಸೇರಿಸಿ, ಇಲ್ಲದಿದ್ದರೆ ಮೂಲ ನೆಟ್‌ವರ್ಕ್ ಕೆಲಸಕ್ಕೇ ಅಡ್ಡಿ. ಮತ್ತೆ, ಈ ಆಯ್ಕೆಯನ್ನು ಸರ್ವರ್‌ಗೆ ಹಾಕಬೇಡಿ. ಡೊಮೈನ್ ನಡೆಸಲು ಬೇಕಾದ ನಿಯಮಗಳು ಸರ್ವರ್‌ನಲ್ಲಿ ಲೋಕಲ್ ಆಗಿಯೇ ಇರುತ್ತವೆ. ಪಿಸಿಗಳಿಗೆ ಒಂದು ಪಾಲಿಸಿ, ಸರ್ವರ್‌ಗೆ ಬೇರೆ ಪಾಲಿಸಿ. ಯಾವುದನ್ನೇ ಆಗಲಿ ಒಂದು ಪಿಸಿಗೆ ಹಾಕಿ ನೋಡಿದ ಮೇಲೆ ಉಳಿದವಕ್ಕೆ.

ನಾನು ಮೊದಲು ಬರೆದ ನಿಯಮ ಪೋರ್ಟ್ 445ರದ್ದು. ಪೋರ್ಟ್ ಎಂದರೆ ಒಂದೊಂದು ಬಗೆಯ ಸಂಪರ್ಕ ಬರುವ ನಂಬರ್ ಹಾಕಿದ ಬಾಗಿಲು. ಫೋಲ್ಡರ್ ಮತ್ತು ಪ್ರಿಂಟರ್ ಹಂಚಿಕೊಳ್ಳುವ ಪೋರ್ಟ್ ಅದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಒಂದು ಪಿಸಿಯಿಂದ ಇನ್ನೊಂದಕ್ಕೆ ಹಬ್ಬಿದ್ದು ಇದೇ ದಾರಿಯಲ್ಲಿ. ಅದಕ್ಕೆ ಬೇಕಾದ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದ ಪಿಸಿಗಳು ಜಗತ್ತಿನಾದ್ಯಂತ ಸಿಕ್ಕಿಬಿದ್ದವು. ಆಡಿಟರ್ ಆಫೀಸಿನಲ್ಲಿ ಒಬ್ಬರ ಪಿಸಿ ಇನ್ನೊಬ್ಬರ ಪಿಸಿಯ ಫೋಲ್ಡರಿಗೆ ಹೋಗುವ ಅಗತ್ಯವೇ ಇಲ್ಲ, ಅಲ್ವಾ? ಎಲ್ಲರೂ ಹೋಗಬೇಕಾದದ್ದು ಸರ್ವರ್‌ಗೆ. ಅಕೌಂಟ್ಸ್ ಅಕ್ಕನ ಪಿಸಿಗೆ ಲೇಸರ್ ಪ್ರಿಂಟರ್ ಸಿಕ್ಕಿಸಿದ್ದೇವೆ, ಅದೊಂದಕ್ಕೆ ಮಾತ್ರ ವಿನಾಯಿತಿ. ಉಳಿದ ಎಲ್ಲಾ ಪಿಸಿಗಳಲ್ಲೂ ಒಳಗೆ ಬರುವ 445 ಬಂದ್. ಮೊದಲಾಗಿದ್ದರೆ ಇದಕ್ಕೆ ಇಡೀ ಶನಿವಾರ ಬೇಕಿತ್ತು. ಸರ್ವರ್ ಮುಂದೆ ಕೂತು ಬರೆದೆ, ಸಂಜೆಯೊಳಗೆ ಎಲ್ಲಾ ಕಡೆ ಬಂತು. ಆ ದಿನದ ಖುಷಿ ದೊಡ್ಡದು.

ಹೊಸ ನಿಯಮ ತಕ್ಷಣ ಹೋಗುವುದಿಲ್ಲ, ಅದನ್ನೂ ಹೇಳಬೇಕು. ಪಿಸಿಗಳು 90 ನಿಮಿಷಕ್ಕೊಮ್ಮೆ ಸರ್ವರನ್ನು ಕೇಳುತ್ತವೆ, ಅದರ ಮೇಲೆ 30 ನಿಮಿಷದ ತನಕ ಹೆಚ್ಚಾಗಬಹುದು. ಅವಸರ ಇದ್ದರೆ ಆ ಪಿಸಿಯಲ್ಲಿ ಜಿಪಿಅಪ್‌ಡೇಟ್ ಕಮಾಂಡ್ ಕೊಡಬೇಕು. ಇದು ನನಗೆ ತೊಂದರೆ ಅನಿಸಿಲ್ಲ.

ಈಗ ತೊಂದರೆಗೆ ಬರುತ್ತೇನೆ.

ವಿಂಡೋಸ್ ಫೈರ್‌ವಾಲ್‌ಗೆ ಮೂರು ಪ್ರೊಫೈಲ್ ಇವೆ: ಡೊಮೈನ್, ಪ್ರೈವೇಟ್, ಪಬ್ಲಿಕ್. ತಾನು ಆಫೀಸಿನ ಡೊಮೈನ್‌ನಲ್ಲಿದ್ದೇನೆ ಎಂದು ಪಿಸಿಗೆ ಖಾತ್ರಿಯಾದರೆ ಡೊಮೈನ್ ಪ್ರೊಫೈಲ್. ಗೊತ್ತಿಲ್ಲದ ಜಾಗ ಅನಿಸಿದರೆ ಪಬ್ಲಿಕ್, ಎಲ್ಲಾ ಬಾಗಿಲು ಹಾಕು. ನಾವೂ ಎಲ್ಲರ ಹಾಗೆ ಅನುಮತಿಗಳನ್ನೆಲ್ಲ ಡೊಮೈನ್ ಪ್ರೊಫೈಲ್‌ನಲ್ಲೇ ಬರೆದಿದ್ದೆವು. ಪುಸ್ತಕದಲ್ಲಿ ಹೇಳುವುದೂ ಹಾಗೆಯೇ.

ಜೂನ್, ಜುಲೈಯಲ್ಲಿ ನಮ್ಮ ಊರಿನ ಮಳೆ ಗೊತ್ತಿದ್ದವರಿಗೆ ಮುಂದಿನದ್ದು ಅರ್ಥವಾಗುತ್ತದೆ. ರಾತ್ರಿ ಎಲ್ಲೋ ಮರ ಬಿತ್ತು, ಲೈನ್ ಹೋಯಿತು. ಯುಪಿಎಸ್ ಎಷ್ಟು ಹೊತ್ತು ಹಿಡಿಯುತ್ತದೆ? ಸರ್ವರ್ ಆಫ್. ಬೆಳಗ್ಗೆ ಕರೆಂಟ್ ಬಂದಾಗ ಸರ್ವರ್ ತಾನಾಗಿ ಆನ್ ಆಗುತ್ತದೆ. ತಿಂಗಳ 20ನೇ ತಾರೀಕು, ಜಿಎಸ್‌ಟಿಯ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಹಾಕಲು ಕೊನೆಯ ದಿನ. ನಾನು ಹೆಲ್ಮೆಟ್ ತೆಗೆಯುವ ಮೊದಲೇ ಕರೆ.

‘ಅಣ್ಣಾ, ಟ್ಯಾಲಿ ಎಜುಕೇಷನಲ್ ಮೋಡ್ ಅಂತ ತೋರಿಸ್ತಾ ಉಂಟು.’

ಪಕ್ಕದ ಟೇಬಲ್‌ನಿಂದ ಅಕ್ಕ: ‘ನನ್ನದೂ ಹಾಗೇ ಮಾರಾಯಾ. ಎಂತ ಮಾಡುವುದೀಗ?’

ಟ್ಯಾಲಿ ಬಳಸುವವರಿಗೆ ಈ ಮೋಡ್ ಗೊತ್ತು. ತಿಂಗಳ 1, 2 ಮತ್ತು 31ನೇ ತಾರೀಕಿನ ಎಂಟ್ರಿ ಮಾತ್ರ ಹಾಕಬಹುದು. ಕಲಿಯುವವರಿಗೆಂದು ಇಟ್ಟದ್ದು ಅದು. ಆಡಿಟರ್ ಆಫೀಸಿನಲ್ಲಿ ಅದು ಬಂದರೆ ಕೆಲಸ ನಿಂತ ಹಾಗೆ. ಟ್ಯಾಲಿಯ ಲೈಸೆನ್ಸ್ ಕೊಡುವ ಗೇಟ್‌ವೇ ಕೂತಿರುವುದು ನಮ್ಮ ಸರ್ವರ್‌ನಲ್ಲಿ, ಪೋರ್ಟ್ 9999ರಲ್ಲಿ. ಆ ಪೋರ್ಟಿಗೆ ಅನುಮತಿ ಡೊಮೈನ್ ಪ್ರೊಫೈಲ್‌ನಲ್ಲಿ ಮಾತ್ರ. ಸರ್ವರ್‌ನ ಸ್ಕ್ರೀನ್ ಮೇಲೆ ನೋಡಿದರೆ ನೆಟ್‌ವರ್ಕ್ ಹೆಸರಿನ ಕೆಳಗೆ ‘ಪಬ್ಲಿಕ್’ ಎಂದಿದೆ. ಇಡೀ ಡೊಮೈನ್ ನಡೆಸುವ ಯಂತ್ರಕ್ಕೆ ತಾನು ಡೊಮೈನ್‌ನಲ್ಲಿದ್ದೇನೆ ಎಂಬುದೇ ಗೊತ್ತಾಗಿಲ್ಲ!

ತುಂಬಾ ಸಿಟ್ಟು ಬಂತು. ಈ ಮಟ್ಟದ ಸಂಗತಿಯನ್ನು ಸರ್ವರ್ ಯಾರಿಗೂ ಹೇಳುವುದಿಲ್ಲ. ಎಚ್ಚರಿಕೆ ಇಲ್ಲ, ಕೆಂಪು ಗುರುತಿಲ್ಲ. ಲಾಗಿನ್ ಆಗುತ್ತದೆ, ಫೋಲ್ಡರ್ ತೆರೆಯುತ್ತದೆ, ಯಾಕೆಂದರೆ ಅವುಗಳ ನಿಯಮಗಳು ಮೂರೂ ಪ್ರೊಫೈಲ್‌ಗೆ ಇವೆ. ಹಾಗಾಗಿ ಸರ್ವರ್ ಸರಿ ಇದೆ ಎಂದೇ ಕಾಣುತ್ತದೆ. ಸತ್ತಿರುವುದು ನೀವು ಬರೆದ ನಿಯಮ ಮಾತ್ರ.

ಕಾರಣ ಇಷ್ಟೇ. ಯಾವ ನೆಟ್‌ವರ್ಕ್‌ನಲ್ಲಿದ್ದೇನೆ ಎಂದು ಹುಡುಕುವ ಸರ್ವಿಸ್‌ಗೆ ನೆಟ್‌ವರ್ಕ್ ಲೊಕೇಷನ್ ಅವೇರ್‌ನೆಸ್ ಎಂದು ಹೆಸರು. ಅದು ಡೊಮೈನ್ ಕಂಟ್ರೋಲರನ್ನು, ಅಂದರೆ ಡೊಮೈನ್ ನಡೆಸುವ ಸರ್ವರನ್ನು ಹುಡುಕುತ್ತದೆ. ನಮ್ಮಲ್ಲಿ ಇರುವ ಕಂಟ್ರೋಲರ್ ಒಂದೇ, ಅದೇ ಈ ಯಂತ್ರ. ಇದರ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಇನ್ನೂ ಎದ್ದಿರುವುದಿಲ್ಲ, ಅಷ್ಟರಲ್ಲಿ ಆ ಸರ್ವಿಸ್ ಹುಡುಕಿ ಆಗಿರುತ್ತದೆ. ಸಿಗಲಿಲ್ಲ, ಪಬ್ಲಿಕ್ ಎಂದು ತೀರ್ಮಾನಿಸಿಬಿಡುತ್ತದೆ. ಎರಡು ಕಂಟ್ರೋಲರ್ ಇರುವ ದೊಡ್ಡ ಆಫೀಸುಗಳಲ್ಲಿ ಒಂದು ಏಳುವಾಗ ಇನ್ನೊಂದು ಉತ್ತರ ಕೊಡುತ್ತದೆ, ಅವರಿಗೆ ಇದು ಕಾಡುವುದು ಅಪರೂಪ. ಒಂದೇ ಸರ್ವರ್ ಇರುವ ಸಣ್ಣ ಆಫೀಸುಗಳದ್ದೇ ಈ ಪಾಡು. ನಮ್ಮ ಊರಿನಲ್ಲಿ ಅಂಥ ಆಫೀಸುಗಳೇ ಜಾಸ್ತಿ.

ತಕ್ಷಣಕ್ಕೆ ಸರ್ವರ್‌ನ ನೆಟ್‌ವರ್ಕ್ ಅಡಾಪ್ಟರನ್ನು ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಸಾಕು. ಪ್ರೊಫೈಲ್ ಡೊಮೈನ್‌ಗೆ ಮರಳುತ್ತದೆ, ಟ್ಯಾಲಿಯನ್ನು ಮುಚ್ಚಿ ತೆರೆದರೆ ಲೈಸೆನ್ಸ್ ಬರುತ್ತದೆ. ಶಾಶ್ವತಕ್ಕೆ, ನೆಟ್‌ವರ್ಕ್ ಹುಡುಕುವ ಆ ಸರ್ವಿಸನ್ನು ‘ಆಟೊಮ್ಯಾಟಿಕ್, ಡಿಲೇಡ್ ಸ್ಟಾರ್ಟ್’ಗೆ ಹಾಕಿದೆವು. ಅಂದರೆ ಉಳಿದವೆಲ್ಲ ಎದ್ದ ಮೇಲೆ ನಿಧಾನಕ್ಕೆ ಏಳು ಎಂದು. ಸರ್ವರ್ 2019ರಲ್ಲಿ ಇದು ನಮಗೆ ಕೆಲಸ ಮಾಡಿದೆ.

ಇದರಿಂದ ಪಿಸಿಗಳ ಸಮಸ್ಯೆ ಪೂರ್ತಿ ಹೋಗಲಿಲ್ಲ. ಸರ್ವರ್ ಏಳುವ ಮೊದಲೇ ಪಿಸಿ ಆನ್ ಮಾಡಿದರೆ ಅದಕ್ಕೂ ಡೊಮೈನ್ ಸಿಗುವುದಿಲ್ಲ. ಕೆಲವು ಪಿಸಿಗಳು ಸ್ವಲ್ಪ ಹೊತ್ತಿನಲ್ಲಿ ತಾವಾಗಿ ಸರಿಯಾಗುತ್ತವೆ. ಕೆಲವಕ್ಕೆ ನೆಟ್‌ವರ್ಕ್ ಕೇಬಲ್ ತೆಗೆದು ಹಾಕಬೇಕು. ಅಕ್ಕನ ಪಿಸಿ ಹಾಗೆ ಪಬ್ಲಿಕ್‌ನಲ್ಲಿ ಕೂತರೆ ಇಡೀ ಆಫೀಸಿಗೆ ಪ್ರಿಂಟ್ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ನನಗೊಂದು ಕ್ರಮ ಇದೆ. ಉಳಿದವರಿಗಿಂತ ಮೊದಲು ಬರುತ್ತೇನೆ. ಮೊದಲು ಸ್ವಿಚ್ ಮತ್ತು ರೂಟರ್, ಅವುಗಳ ಹಸಿರು ದೀಪ ಮಿನುಗಲಿ. ಆಮೇಲೆ ಸರ್ವರ್. ಅದರ ಫ್ಯಾನ್ ಮೊದಲು ಜೋರಾಗಿ ಕೂಗಿ ಮತ್ತೆ ತಣ್ಣಗಾಗುತ್ತದೆ. ಆ ಹೊತ್ತಿಗೆ ಕೆಳಗಿನ ಹೋಟೆಲಿನ ಹುಡುಗ ಚಹಾ ತಂದಿಟ್ಟಿರುತ್ತಾನೆ. ಲಾಗಿನ್ ಆಗಿ ಪವರ್‌ಶೆಲ್‌ನಲ್ಲಿ ಗೆಟ್-ನೆಟ್‌ಕನೆಕ್ಷನ್‌ಪ್ರೊಫೈಲ್ ಎಂದು ಹೊಡೆಯುತ್ತೇನೆ. ‘ಡೊಮೈನ್ ಅಥೆಂಟಿಕೇಟೆಡ್’ ಎಂದು ಬಂದರೆ ಅಕ್ಕನ ಪಿಸಿ ಆನ್. ಅಲ್ಲೂ ಅದೇ ಸಾಲು ಬಂದ ಮೇಲೆ ಉಳಿದವು. ಈ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ, ನಾನು ರಜೆ ಇದ್ದ ದಿನಕ್ಕೆ.

ಟ್ಯಾಲಿ ಮತ್ತು ಪ್ರಿಂಟರಿನ ನಿಯಮಗಳನ್ನು ಈಗ ಬೇರೆ ರೀತಿ ಬರೆದಿದ್ದೇವೆ. ಮೂರೂ ಪ್ರೊಫೈಲ್‌ಗೆ ಅನುಮತಿ, ಆದರೆ ಬರುವ ವಿಳಾಸ ಆಫೀಸಿನದ್ದೇ ಆಗಿರಬೇಕು. ನಿಯಮದ ಸ್ಕೋಪ್ ಎಂಬ ಭಾಗದಲ್ಲಿ ಇದನ್ನು ಹಾಕುವುದು. ಪ್ರೊಫೈಲ್ ತಪ್ಪಿದರೂ ಕೆಲಸ ನಿಲ್ಲುವುದಿಲ್ಲ. ಇದನ್ನು ಜಾಗ ಬಿಟ್ಟು ಕದಲದ ಯಂತ್ರಗಳಿಗೆ ಮಾತ್ರ ಮಾಡಿ. ಲ್ಯಾಪ್‌ಟಾಪ್‌ಗೆ ಬೇಡ. ನಮ್ಮ ಆಫೀಸಿನ ವಿಳಾಸಗಳು 192.168.1 ಎಂದು ಶುರುವಾಗುತ್ತವೆ. ಆಡಿಟ್‌ಗೆ ಎಂದು ಬೈಕಂಪಾಡಿಯ ಯಾವುದೋ ಫ್ಯಾಕ್ಟರಿಗೋ ಉಡುಪಿಗೋ ಹೋದರೆ ಅಲ್ಲಿನ ರೂಟರಿನದ್ದೂ ಅದೇ ಇರಬಹುದು, ತುಂಬಾ ರೂಟರ್‌ಗಳು ಬರುವುದೇ ಹಾಗೆ. ಆಗ ಅಲ್ಲಿನ ಪಿಸಿಗಳೂ ನಿಮ್ಮ ಆಫೀಸಿನವೆಂದೇ ಲೆಕ್ಕ. ಹೊರಗೆ ಹೋಗುವ ಲ್ಯಾಪ್‌ಟಾಪ್‌ಗೆ ಪಬ್ಲಿಕ್ ಪ್ರೊಫೈಲ್ ಪೂರ್ತಿ ಮುಚ್ಚಿಯೇ ಇರಲಿ. ಸರ್ವರ್ ಕಾಣದಿದ್ದರೂ ಕೊನೆಗೆ ಬಂದ ಪಾಲಿಸಿ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುತ್ತದೆ, ಆ ವಿಷಯದಲ್ಲಿ ಇದನ್ನು ಪೂರ್ತಿ ನಂಬಬಹುದು.

ಇಷ್ಟೆಲ್ಲ ಬೈದ ಮೇಲೂ ನಾನು ಇದನ್ನು ಬಿಡುವುದಿಲ್ಲ. ಕಾರಣ ಲಾಗ್.

ತಡೆದ ಸಂಪರ್ಕಗಳನ್ನು ಬರೆದಿಡುವ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ಪಾಲಿಸಿಯಿಂದ ಎಲ್ಲಾ ಪಿಸಿಯಲ್ಲೂ ಒಟ್ಟಿಗೆ ಆನ್ ಮಾಡಬಹುದು. ಒಂದೊಂದು ಸಾಲಿನಲ್ಲಿ ತಾರೀಕು, ಸಮಯ, ಡ್ರಾಪ್ ಎಂಬ ಪದ, ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್. ಹೆಚ್ಚಿನವು ಪ್ರಿಂಟರ್, ಫೋನ್‌ಗಳು ಸುಮ್ನೆ ಕೂಗುವ ಗದ್ದಲ. ಅದರ ನಡುವೆ ಒಂದು ವಿಳಾಸ ದಿನವೂ 445ರಲ್ಲಿ ಒಂದೇ ಪಿಸಿಯ ಬಾಗಿಲು ತಟ್ಟುತ್ತಿತ್ತು. 192.168.1.57ರಿಂದ 192.168.1.14ಕ್ಕೆ, ಡ್ರಾಪ್, ಡ್ರಾಪ್, ಡ್ರಾಪ್. ವೈರಸ್ಸೇ ಇರಬೇಕು ಎಂದು ಎದೆ ಧಸಕ್ಕೆಂದಿತು. ಹುಡುಕಿದರೆ ಆ 57 ನಮ್ಮ ಜೆರಾಕ್ಸ್ ಯಂತ್ರ. ನಿವೃತ್ತಿಯಾದ ಹಿರಿಯರೊಬ್ಬರ ಪಿಸಿಯ ಫೋಲ್ಡರಿಗೆ ಸ್ಕ್ಯಾನ್ ಕಳಿಸುವ ಹಳೇ ಬಟನ್ ಇನ್ನೂ ಉಳಿದಿತ್ತು. ಯಾರೋ ಕ್ಲೈಂಟ್‌ಗಳ ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವಾಗ ಆ ಬಟನ್ ಒತ್ತುತ್ತಿದ್ದರು. ಫೈರ್‌ವಾಲ್ ತಡೆಯುವ ಮೊದಲು ಹೋದವೆಲ್ಲ ಆ ಪಿಸಿಯಲ್ಲಿ ರಾಶಿ ಬಿದ್ದಿದ್ದವು, ಯಾರು ಬೇಕಾದರೂ ತೆರೆಯುವ ಹಾಗೆ. ಅವನ್ನು ಅಳಿಸಿ ಬಟನ್ ತೆಗೆಸಿದೆವು. ಇಂಥದ್ದು ಬೇರೆ ಯಾವ ರೀತಿಯಲ್ಲೂ ನಮಗೆ ಗೊತ್ತಾಗುತ್ತಿರಲಿಲ್ಲ. ಆಮೇಲಿಂದ ಬೆಳಗಿನ ಚಹಾದ ಜೊತೆ ಒಂದೆರಡು ಪಿಸಿಯ ಲಾಗ್ ಓದುವುದು ನನಗೆ ಇಷ್ಟದ ಕೆಲಸ.

ಲಾಗ್ ಫೈಲಿನ ಗಾತ್ರ ಮಾತ್ರ ಬದಲಿಸಿಕೊಳ್ಳಿ. ಮೊದಲಿಗೆ ಇರುವುದು 4096 ಕೆಬಿ, ಗದ್ದಲದ ನೆಟ್‌ವರ್ಕ್‌ನಲ್ಲಿ ಅದು ಬೇಗ ತುಂಬಿ ಹಳೆಯದು ಅಳಿಸಿಹೋಗುತ್ತದೆ. 32767 ಕೆಬಿ ತನಕ ಏರಿಸಬಹುದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದಿದೆ. ಫೈಲ್ ದೊಡ್ಡದು ಮಾಡಿದರೂ ಅಷ್ಟು ದಿನದ್ದು ಅದರಲ್ಲಿ ಹಿಡಿಯುವುದಿಲ್ಲ. ನಾವು ರಾತ್ರಿ ಒಂದು ಶೆಡ್ಯೂಲ್ಡ್ ಟಾಸ್ಕ್‌ನಿಂದ ಅವನ್ನು ಸರ್ವರ್‌ಗೆ ಕಾಪಿ ಮಾಡುತ್ತೇವೆ.

ಇನ್ನೊಂದು ಮಾತು. ಲ್ಯಾಪ್‌ಟಾಪ್ ಜೊತೆ ಉಚಿತ ಎಂದು ಬರುವ ಕೆಲವು ಆಂಟಿವೈರಸ್‌ಗಳಲ್ಲಿ ಅವುಗಳದೇ ಫೈರ್‌ವಾಲ್ ಇರುತ್ತದೆ. ಅದು ಇದ್ದರೆ ವಿಂಡೋಸ್‌ನದ್ದು ಬದಿಗೆ ಸರಿಯುತ್ತದೆ, ನಿಮ್ಮ ಪಾಲಿಸಿಗೆ ಅಲ್ಲಿ ಬೆಲೆ ಇಲ್ಲ. ಡೊಮೈನ್‌ಗೆ ಸೇರಿಸುವ ಮೊದಲು ತೆಗೆದುಬಿಡಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಸರ್ವರ್ ಮೊದಲೇ ಇದ್ದವರು ಯೋಚಿಸದೆ ಶುರು ಮಾಡಿ. ಫೈರ್‌ವಾಲ್‌ಗೋಸ್ಕರವೇ ಸರ್ವರ್ ಖರೀದಿಸಬೇಕಾದ ಸಣ್ಣ ಆಫೀಸಾದರೆ ಬೇಡ, ವರ್ಷದ ಚಂದಾದ ಕನ್ಸೋಲೇ ಅಗ್ಗ ಬೀಳಬಹುದು. ನಮ್ಮಲ್ಲಿ ಎರಡನೇ ಕಂಟ್ರೋಲರ್‌ಗೆ ಸರ್ ಒಪ್ಪಿದ್ದಾರೆ, ಮಾರ್ಚ್ ಗಡಿಬಿಡಿ ಮುಗಿದ ಮೇಲೆ ತರುವುದು. ಅದನ್ನು ಬೇರೆ ಯುಪಿಎಸ್‌ಗೆ ಹಾಕುತ್ತೇವೆ. ಒಂದು ಮಳೆಗಾಲ ಕಳೆದ ಮೇಲೆ ಹೇಗಾಯಿತು ಎಂದು ಇದರ ಕೆಳಗೇ ಸೇರಿಸುತ್ತೇನೆ.