20 ಗ್ರಾಂ, 100 ಗ್ರಾಂ, ಇಲ್ಲಾ ತಿನ್ನುವ ಕ್ರಮ: ನನ್ನ ಶುಗರ್‌ಗೆ ಒಗ್ಗಿದ್ದು ಯಾವುದು?

ಎಚ್‌ಬಿಎ1ಸಿ (ರಕ್ತದ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 7.8 ಅಂತ ರಿಪೋರ್ಟ್ ಬಂತು. ಟೈಪ್ 2 ಡಯಾಬಿಟಿಸ್. ಡಾಕ್ಟರ್ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟರು, ಊಟದಲ್ಲಿ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ಕಡಿಮೆ ಮಾಡಿ ಅಂದರು. ಎಷ್ಟು ಕಡಿಮೆ ಅಂತ ಕೇಳುವುದು ಆಗ ಹೊಳೆಯಲಿಲ್ಲ. ಮನೆಗೆ ಬಂದು ಓದಿದರೆ ಒಬ್ಬರು ದಿನಕ್ಕೆ 20 ಗ್ರಾಂ ಅನ್ನುತ್ತಾರೆ, ಇನ್ನೊಬ್ಬರು 130 ಗ್ರಾಂವರೆಗೂ ಪರವಾಗಿಲ್ಲ ಅನ್ನುತ್ತಾರೆ. ಮತ್ತೊಬ್ಬರು ಲೆಕ್ಕವೇ ಬೇಡ, ತಿನ್ನುವ ಕ್ರಮ ಬದಲಿಸಿದರೆ ಸಾಕು ಅನ್ನುತ್ತಾರೆ. ಕೊನೆಗೆ ಮೂರನ್ನೂ ಒಂದೊಂದಾಗಿ ಮಾಡಿ ನೋಡಿದೆ. ಒಂದೊಂದಕ್ಕೂ ಮೂರು ತಿಂಗಳು ಕೊಟ್ಟೆ. ಎಚ್‌ಬಿಎ1ಸಿ ತೋರಿಸುವುದು ಸುಮಾರು ಎರಡು ಮೂರು ತಿಂಗಳ ಸರಾಸರಿಯನ್ನು ಅಲ್ವಾ, ಅದಕ್ಕೆ.

ಮೂರೂ ಸಲ ಮಾತ್ರೆ ಅದೇ, ಸಂಜೆಯ ನಡಿಗೆಯೂ ಅದೇ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಊಟ ಶುರು ಮಾಡಿದ ಎರಡು ಗಂಟೆಗೆ ಇನ್ನೊಂದು ಸಲ ಗ್ಲೂಕೋಮೀಟರ್‌ನಲ್ಲಿ ನೋಡುತ್ತಿದ್ದೆ. ಬೆರಳು ಚುಚ್ಚುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಹಣ್ಣು ಮುಟ್ಟಿದ ಬೆರಳಿನಲ್ಲೇ ನೋಡಿದರೆ ಅಂಕಿ ಸುಮ್ನೆ ಮೇಲೆ ಹೋಗುತ್ತದೆ. ಒಳ್ಳೆಯ ಮೀಟರ್ ಕೂಡ ನೂರಕ್ಕೆ 15ರಷ್ಟು ಹೆಚ್ಚುಕಡಿಮೆ ತೋರಿಸಬಹುದು. ಹಾಗಾಗಿ 140, 150 ಎರಡನ್ನೂ ನಾನು ಒಂದೇ ಅಂತ ಲೆಕ್ಕ ಹಿಡಿದೆ.

ಮೊದಲು ಕೀಟೋ, ಅಂದರೆ ಕಾರ್ಬ್ ತೀರಾ ಕಡಿಮೆ ಮಾಡಿ ಹೆಚ್ಚಾಗಿ ಕೊಬ್ಬು ತಿನ್ನುವ ಪಥ್ಯ. ದಿನಕ್ಕೆ 20ರಿಂದ 30 ಗ್ರಾಂ ಕಾರ್ಬ್. ಅನ್ನ, ಬ್ರೆಡ್, ಆಲೂಗಡ್ಡೆ, ಸಕ್ಕರೆ, ಹೆಚ್ಚಿನ ಹಣ್ಣು, ಬೇಳೆಕಾಳು ಎಲ್ಲಾ ಬಂದ್. ಮೊಟ್ಟೆ, ಮೀನು, ಪನೀರ್, ಸೊಪ್ಪು, ಬಾದಾಮಿ, ಎಣ್ಣೆ ಇಷ್ಟೇ. ಮೊದಲ ವಾರವೇ ಎರಡೂವರೆ ಕಿಲೋ ಇಳಿದೆ. ಖುಷಿಯಾಯಿತು, ಆದರೆ ಅದರಲ್ಲಿ ಜಾಸ್ತಿ ನೀರೇ. ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೂಕೋಸ್, ಅಂದರೆ ಗ್ಲೈಕೋಜನ್, ಖರ್ಚಾದಾಗ ಅದು ಹಿಡಿದಿಟ್ಟುಕೊಂಡ ನೀರೂ ಹೊರಗೆ ಹೋಗುತ್ತದೆ. ಜೊತೆಗೆ ಉಪ್ಪಿನಂಶವೂ ಹೋಗುತ್ತದೆ. ತಲೆನೋವು, ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಮಲಬದ್ಧತೆ ಎಲ್ಲಾ ಆಯಿತು. ಹತ್ತು ದಿನ ಕಳೆದ ಮೇಲೆ ಸರಿಹೋದೆ.

ಊಟದ ನಂತರದ ಅಂಕಿ ಮಾತ್ರ ನೋಡುವಂತಿತ್ತು: 110ರಿಂದ 125. ಆದರೆ ಬೆಳಗಿನದು ತಿಂಗಳುಗಟ್ಟಲೆ 130ರ ಆಸುಪಾಸಿನಲ್ಲೇ ನಿಂತಿತ್ತು. ರಾತ್ರಿಯಿಡೀ ಏನೂ ತಿಂದಿಲ್ಲ, ಈ ಶುಗರ್ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡೆ. ಬೆಳಗಿನ ಜಾವ ಹಾರ್ಮೋನುಗಳು ಏರಿದಾಗ ಲಿವರ್ ತಾನೇ ಗ್ಲೂಕೋಸ್ ಬಿಡುತ್ತದೆ. ತಟ್ಟೆಯಿಂದ ಕಾರ್ಬ್ ತೆಗೆದರೂ ಅದು ನಿಲ್ಲುವುದಿಲ್ಲ.

ನನ್ನನ್ನು ಹೆದರಿಸಿದ್ದು ಒಂದು ಸಮಾರಂಭದ ಊಟ. ಎರಡು ತಿಂಗಳ ಮೇಲೆ ಅವತ್ತು ಎಲ್ಲರ ಜೊತೆ ಒಂದು ತಟ್ಟೆ ಅನ್ನ ಉಂಡೆ. ಎರಡು ಗಂಟೆಗೆ 231! ಪಥ್ಯ ಶುರು ಮಾಡುವ ಮುಂಚೆ ಅಷ್ಟೇ ಅನ್ನಕ್ಕೆ 200 ದಾಟುತ್ತಿರಲಿಲ್ಲ. ಕಾಯಿಲೆ ಕೆಟ್ಟಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಕೊಬ್ಬು ಉರಿಸುವುದಕ್ಕೆ ಒಗ್ಗಿದ ದೇಹ ಏಕಾಏಕಿ ಬಂದ ಕಾರ್ಬನ್ನು ನಿಧಾನವಾಗಿ ಸಂಭಾಳಿಸುತ್ತದೆ. ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್‌ಗೆ (ಗ್ಲೂಕೋಸ್ ಕುಡಿಸಿ ಶುಗರ್ ನೋಡುವ ಪರೀಕ್ಷೆ) ಮುಂಚೆ ಮೂರು ದಿನ, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿನ್ನಲು ಹೇಳುವುದೂ ಇದಕ್ಕೇ. ಅಂದರೆ ಕೀಟೋ ಮಾಡುವವರಿಗೆ 'ಅಪರೂಪಕ್ಕೆ ಒಂದು ದಿನ' ಅನ್ನುವುದು ದುಬಾರಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ 6.4 ಬಂತು, ಆದರೆ ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟ್ರಾಲ್, ಏರಿತ್ತು. ಮನೆಯವರ ಜೊತೆ ಕೂತು ಬೇರೆಯದೇ ಊಟ ಮಾಡಿ ಮಾಡಿ ಮನಸ್ಸೂ ಸೋತಿತ್ತು.

ಒಂದು ಮಾತನ್ನು ಒತ್ತಿ ಹೇಳಬೇಕು. ನಾನು ತೆಗೆದುಕೊಳ್ಳುತ್ತಿದ್ದದ್ದು ಬರೀ ಮೆಟ್‌ಫಾರ್ಮಿನ್. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಿಸದೆ ಕಾರ್ಬ್ ಕಡಿತ ಮಾಡಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಕೀಟೋದಿಂದ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅತಿಯಾಗಿ ಪ್ರಾಣಕ್ಕೇ ಕುತ್ತು ತರುವ ಸ್ಥಿತಿ) ಆಗುವ ಅಪಾಯವಿದೆ, ಅದೂ ಮೀಟರಿನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಾಗಲೂ. ದಯವಿಟ್ಟು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಎರಡನೆಯದು ದಿನಕ್ಕೆ 100 ಗ್ರಾಂ. ಹೊತ್ತಿಗೆ 30 ಗ್ರಾಂ, ಉಳಿದ ಹತ್ತು ಒಂದು ಚಿಕ್ಕ ಹಣ್ಣಿಗೆ. ಬೆಂದ ಬಿಳಿ ಅನ್ನ ಒಂದು ಕಪ್‌ನಲ್ಲಿ ಸುಮಾರು 45 ಗ್ರಾಂ ಕಾರ್ಬ್ ಇರುತ್ತದೆ. ಹಾಗಾಗಿ ಪಲ್ಯ, ಬೇಳೆಯ ಜೊತೆ ಅರ್ಧ ಕಪ್‌ಗಿಂತ ಜಾಸ್ತಿ ಬಡಿಸಿಕೊಳ್ಳುತ್ತಿರಲಿಲ್ಲ. ಎರಡು ವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ಆಮೇಲೆ ಕಣ್ಣಳತೆಯೇ ಸಾಕಾಯಿತು. ಊಟದ ನಂತರ 135ರಿಂದ 155. ಕೀಟೋಗಿಂತ ಜಾಸ್ತಿ, ನಿಜ. ಆದರೆ ಡಾಕ್ಟರ್ ನನಗೆ ಕೊಟ್ಟ ಮಿತಿ 180. ಎಚ್‌ಬಿಎ1ಸಿ 6.5. ಕೀಟೋಗೂ ಇದಕ್ಕೂ 0.1ರ ವ್ಯತ್ಯಾಸ, ಲ್ಯಾಬಿನ ಅಳತೆಯಲ್ಲೇ ಅಷ್ಟು ಏರುಪೇರು ಇರುತ್ತದೆ. ಮೊದಲ ಮೂರು ತಿಂಗಳಲ್ಲಿ ಇಳಿಸಿದ ತೂಕದ ಲಾಭ ಇದಕ್ಕೂ ಸ್ವಲ್ಪ ಸಿಕ್ಕಿರಬಹುದು, ಅದನ್ನು ಮುಚ್ಚಿಡುವುದಿಲ್ಲ. ಇನ್ನು ಎಲ್ಲರ ಜೊತೆ ಒಂದೇ ಅಡುಗೆ ಉಣ್ಣುವ ಸಮಾಧಾನ ಇದೆಯಲ್ಲ, ಅದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಮೂರನೆಯದು ಸುಲಭ. ಮೊದಲು ತರಕಾರಿ, ಆಮೇಲೆ ಮೊಟ್ಟೆ ಅಥವಾ ಕಾಳು, ಕೊನೆಗೆ ಅನ್ನ. ನಾರು, ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಶುಗರ್ ಒಮ್ಮೆಗೇ ಏರುವುದಿಲ್ಲ. ಅಷ್ಟೇ ಅನ್ನಕ್ಕೆ 20, 30 ಅಂಕಿ ಕಡಿಮೆ ಬರುತ್ತಿದ್ದದ್ದು ನನಗೂ ಆಶ್ಚರ್ಯ. ಆದರೆ ಲೆಕ್ಕ ಇಲ್ಲದ್ದರಿಂದ ಅನ್ನ ದಿನದಿನಕ್ಕೂ ಬೆಳೆಯಿತು. ಒಂದು ದಿನ 150, ಮರುದಿನ 195. ಎಚ್‌ಬಿಎ1ಸಿ ಮತ್ತೆ 6.9ಕ್ಕೆ ಏರಿತು.

ಈಗ 100 ಗ್ರಾಂ ಲೆಕ್ಕವನ್ನೂ ಈ ಕ್ರಮವನ್ನೂ ಸೇರಿಸಿಕೊಂಡು ಆರು ತಿಂಗಳಾಯಿತು. ಊಟ ಆದ ಮೇಲೆ ಹದಿನೈದು ನಿಮಿಷದ ನಡಿಗೆಯೂ ಸೇರಿದೆ. ಕಳೆದ ವಾರದ ರಿಪೋರ್ಟ್: ಎಚ್‌ಬಿಎ1ಸಿ 6.3, ಎಲ್‌ಡಿಎಲ್ ಮೊದಲಿದ್ದ ಜಾಗಕ್ಕೆ ಇಳಿದಿದೆ. ಬೆಳಗಿನ ಅಂಕಿ ಇನ್ನೂ 115ರಿಂದ 120ರಲ್ಲಿದೆ. ಮುಂದಿನ ಭೇಟಿಯಲ್ಲಿ ಡಾಕ್ಟರ್ ಹತ್ತಿರ ಅದನ್ನೇ ಕೇಳಬೇಕು ಅಂತ ಬರೆದಿಟ್ಟುಕೊಂಡಿದ್ದೇನೆ.